ಹಬ್ಬಲು ಮರ ಬೇಕು

ಮುಂಬಯಿಯ ಖೋಲಿಗಳಲ್ಲಿ, ಕಿಟಕಿಯ ಸರಳಿಗೆ ಕಟ್ಟಿದ ಬಾಟ್ಲಿಯ ನೀರಿನಲ್ಲಿ ಬದುಕುವ ಮನಿ ಪ್ಲಾಂಟಿನ ಎಲೆ ಅಂಗೈ ದಾಟುವುದು ಅಪರೂಪ. ಅದೇ ಬಳ್ಳಿ ನೆಲಕ್ಕೆ ಬೇರಿಳಿಸಿ ಮರ ಹತ್ತಿತೆಂದರೆ 20 ಮೀಟರ್‌ವರೆಗೂ ಏರಬಲ್ಲದು. ಎಲೆ ಮೊರದಗಲವಾಗಿ ಅಂಚಿನಲ್ಲಿ ಸೀಳುತ್ತದೆ. ನೋಡಿದವರು ಬೇರೆಯೇ ಗಿಡ ಎನ್ನುತ್ತಾರೆ.

ಗುಟ್ಟು ಗೆಣ್ಣಿನಲ್ಲಿದೆ. ಅಲ್ಲಿಂದ ಹೊರಟ ಬೇರುಗಳಿಗೆ ತೊಗಟೆ ಸಿಕ್ಕರೆ ಅಂಟಿಕೊಳ್ಳುತ್ತವೆ. ಬಳ್ಳಿ ಏರಿದಂತೆ ಎಲೆ ಹಿಗ್ಗುತ್ತದೆ. ಆಸರೆ ತಪ್ಪಿ ಜೋತುಬಿದ್ದರೆ ಹೊಸ ಎಲೆಗಳು ಮತ್ತೆ ಕಿರಿದಾಗುತ್ತವೆ. ಯುರೋಪಿನ ಐವಿಯೂ ಹೀಗೆ ಎರಡು ರೂಪದ್ದು: ಹತ್ತುವಾಗ ಕವಲೊಡೆದ ಎಲೆ, ಮೇಲೆ ಬಿಸಿಲು ಕಂಡ ನಂತರ ಕವಲಿಲ್ಲದ ಎಲೆ ಮತ್ತು ಹೂವು. ಮನಿ ಪ್ಲಾಂಟ್ ಹೂ ಬಿಡುವುದೇ ಇಲ್ಲವೆನ್ನಬಹುದು. ಅದಕ್ಕೆ ಬೇಕಾದ ಜಿಬ್ಬರೆಲಿನ್ ಅದರೊಳಗೆ ತಯಾರಾಗುವುದಿಲ್ಲವೆಂದು 2016ರ ಅಧ್ಯಯನವೊಂದು ತೋರಿಸಿತು. ಹಾಗಾಗಿ ಅದರ ವಂಶ ಬೆಳೆಯುವುದು ತುಂಡಿನಿಂದ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ.

ಕುರ್ಲಾದ ನೆಹರೂ ನಗರದಲ್ಲಿ ಮ್ಹಾಡಾದ ಹಳೆಯ ಕಟ್ಟಡಗಳು ಉರುಳಿ ಟವರುಗಳು ಏಳುತ್ತಿವೆ. ನೆಲಮಹಡಿ ಖಾಲಿ ಮಾಡುತ್ತಿದ್ದ ಕುಂದಾಪುರ ಕಡೆಯ ಹೆಂಗಸೊಬ್ಬರು ಅಂಗಳದ ಮಾವಿನ ಮರದಿಂದ ಬಳ್ಳಿಯ ತುಂಡೊಂದನ್ನು ಕೊಯ್ದುಕೊಂಡರು.

"ಬಾಟ್ಲಿಯಲ್ಲಿಟ್ರೆ ಇಷ್ಟು ದೊಡ್ಡ ಆಗ್ತದಾ ಅಮ್ಮಾ?" ಮಗಳು ಕೇಳಿದಳು.

ಊರಲ್ಲಿ ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿದವರಿಗೆ ಉತ್ತರ ಗೊತ್ತಿತ್ತು. ನೆಲದಲ್ಲಿ ಹರಿದಾಡುವ ಮೆಣಸಿನ ಬಳ್ಳಿ ಫಸಲು ಕೊಡದು. ಮರ ಹತ್ತಿದ್ದೇ ಕೊಡುವುದು.

ಮರವನ್ನು ಏಳನೇ ಮಹಡಿಗೆ ಒಯ್ಯಲಾಗದು. ತೆಂಗಿನ ನಾರು ಸುತ್ತಿದ ಕೋಲನ್ನು ಒಯ್ಯಬಹುದು, ನೀರು ಚಿಮುಕಿಸಿ ತೇವವಾಗಿಡಬಹುದು. ಬಳ್ಳಿ ಅದನ್ನೂ ಮರವೆಂದೇ ಹಿಡಿಯುತ್ತದೆ, ಸೂರು ತಗಲುವವರೆಗೆ.