ಡೈನಮೋ ದೊಡ್ಡದಾಯಿತು, ಫಿಲ್ಟರ್ ಹಳೆಯದೇ ಉಳಿಯಿತು

ಕಬ್ಬಿನ ಸೀಜನ್ ಬಂತೆಂದರೆ ನಮ್ಮ ಕಡೆ ರಸ್ತೆಗಳು ರಾತ್ರಿಯೂ ಮಲಗುವುದಿಲ್ಲ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲಿ ನೋಡಿದರೂ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್, ಮೇಲೆ ಬಣ್ಣದ ಲೈಟು, ದೊಡ್ಡ ಸೌಂಡ್ ಬಾಕ್ಸ್. ನಮ್ಮ ಮನೆಯ ಟ್ರ್ಯಾಕ್ಟರ್ ಕೂಡ ಹಾಗೇ ಇತ್ತು.

ಹೋದ ಸೀಜನ್‌ಗೆ ಅಣ್ಣ ಹಾಡು ಜೋರಾಗಿ ಬರಲೆಂದು ದೊಡ್ಡ ಡೈನಮೋ ಹಾಕಿಸಿದ. ಅದು ಅಲ್ಟರ್ನೇಟರ್, ಆದರೆ ನಮ್ಮ ಗ್ಯಾರೇಜುಗಳಲ್ಲಿ ಈಗಲೂ ಡೈನಮೋ ಅಂತಲೇ ಅನ್ನುತ್ತಾರೆ. ಅದೇ ವಾರ ಹೊಸ ಆಯಿಲ್ ಫಿಲ್ಟರ್ ತರುವ ಕೆಲಸ ನಮಗೆ ಬಿತ್ತು. ಸುದ್ದಿಗಾಗಿ ದಿನಾ ಜಮಖಂಡಿಗೆ ಹೋಗುತ್ತಿದ್ದೆವು, ಅಂಗಡಿ ಮುಂದೆಯೇ ಗಾಡಿ ನಿಲ್ಲಿಸುತ್ತಿದ್ದೆವು, ಆದರೂ ಮರೆತೆವು. ಅಣ್ಣ ಎರಡು ಸಲ ಕೇಳಿದ. ಎರಡೂ ಸಲ ನಾಳೆ ಎಂದೆವು.

ಜನವರಿಯ ಒಂದು ರಾತ್ರಿ, ಮುಧೋಳ ರಸ್ತೆಯಲ್ಲಿ ತುಂಬಿದ ಲೋಡಿನೊಂದಿಗೆ ಎಂಜಿನ್ ಜಾಮ್ ಆಯಿತು. ಮೇಸ್ತ್ರಿ ಬಿಚ್ಚಿ ಬೇರಿಂಗ್ ತೋರಿಸಿದ: "ಎಣ್ಣಿ ಹೊಲಸಾಗಿ ಸವದೈತ್ರಿ." ಸೀಜನ್ ಅರ್ಧಕ್ಕೇ ನಿಂತಿತು. ಗ್ಯಾಂಗಿಗೆ ಕೊಟ್ಟ ಮುಂಗಡ, ಟ್ರ್ಯಾಕ್ಟರಿನ ಕಂತು ಎರಡೂ ತಲೆ ಮೇಲೆ ಕೂತವು. ಅಪ್ಪ ನಮಗೆ ಏನೂ ಅನ್ನಲಿಲ್ಲ. ಬೈದಿದ್ದರೆ ಹಗುರ ಆಗುತ್ತಿತ್ತು.

ಯುಗಾದಿಗೆ ಬನಹಟ್ಟಿಯಿಂದ ಅಕ್ಕನ ಮಗ ಬಂದ. ಮಗ್ಗದ ಮನೆಯ ಹುಡುಗ, ಬೆಂಗಳೂರಿನಲ್ಲಿ ವಿಮಾನ ರಿಪೇರಿ ಕೋರ್ಸ್ ಓದುತ್ತಾನೆ. ಹಿತ್ತಲಲ್ಲಿ ಬಿದ್ದಿದ್ದ ಹಳೇ ಫಿಲ್ಟರ್ ಎತ್ತಿಕೊಂಡು ಕೇಳಿದ: "ಮಾಮಾ, ಇದನ್ನ ಕೊಯ್ದು ನೋಡೀರೇನ್ರಿ?"

ನೋಡಿರಲಿಲ್ಲ. ಯಾರು ನೋಡುತ್ತಾರೆ?

"ವಿಮಾನದಾಗ ನೋಡದ ಬಿಡಂಗಿಲ್ರಿ," ಎಂದ. ಗರಗಸ ಕೊಡಲು ಹೋದರೆ ಬೇಡ ಎಂದ, ಅದರ ಪುಡಿ ಒಳಗೆ ಬಿದ್ದು ಲೆಕ್ಕ ತಪ್ಪುತ್ತದಂತೆ. ತಗಡಿನ ಕತ್ತರಿಯಿಂದ ಡಬ್ಬಿ ಬಿಚ್ಚಿ, ಒಳಗಿನ ಮಡಿಕೆ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಹಿಂಡಿದ. ಕೆಟ್ಟ ಸ್ಪೀಕರಿನ ಅಯಸ್ಕಾಂತ ಆಡಿಸಿದ. ಸ್ವಲ್ಪ ಪುಡಿ ಅಂಟಿತು, ಸ್ವಲ್ಪ ಬಟ್ಟೆ ಮೇಲೇ ಮಿನುಗಿತು. ಅಂಟಿದ್ದು ಕಬ್ಬಿಣ. ಅಂಟದೆ ತಾಮ್ರದಂತೆ ಹೊಳೆದದ್ದು ಬೇರಿಂಗಿನದು. ಎಂಜಿನ್ ನಮಗೆ ಮೊದಲೇ ಚೀಟಿ ಬರೆದಿತ್ತು, ನಾವು ಒಡೆದು ಓದಿರಲಿಲ್ಲ.

ಅವತ್ತು ಕಟ್ಟೆಯ ಮೇಲೆ ಕೂತು ಅವನಿಂದ ಬಹಳ ಕೇಳಿದೆವು. ತರಬೇತಿಗೆ ಬಳಸುವ ಸೆಸ್ನಾದಂಥ ಸಣ್ಣ ವಿಮಾನಗಳಲ್ಲಿ ಲೈಕಮಿಂಗ್ ಎಂಜಿನ್ ಇರುತ್ತದೆ. ಹಳೆಯ ಮಾದರಿಗಳಲ್ಲಿ ಎಣ್ಣೆಗೆ ಬರೀ ಜಾಲರಿ. ಅಂಥದ್ದಕ್ಕೆ 25 ಗಂಟೆ ಹಾರಿದ ಮೇಲೆ ಎಣ್ಣೆ ಬದಲಿಸಬೇಕು. ಕಾಗದದ ಫಿಲ್ಟರ್ ಕೂರಿಸಿದರೆ 50 ಗಂಟೆ. ಹಾರದೆ ನಿಂತಿದ್ದರೂ 4 ತಿಂಗಳಿಗೊಮ್ಮೆ ಬದಲಿಸಬೇಕು. ಫಿಲ್ಟರ್ ಸಡಿಲವಾಗದಂತೆ ತಂತಿ ಬಿಗಿದು ಕಟ್ಟುತ್ತಾರೆ.

ಫಿಲ್ಟರ್ ಪೂರ್ತಿ ಕಟ್ಟಿಕೊಂಡರೆ ಬೈಪಾಸ್ ಬಾಗಿಲು ತೆರೆಯುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಹೊಲಸು ಎಣ್ಣೆಯಾದರೂ ಹೋಗಲಿ ಎಂಬ ಲೆಕ್ಕ. ನಮ್ಮ ಟ್ರ್ಯಾಕ್ಟರ್ ಎಷ್ಟು ದಿನ ಹಾಗೆ ಓಡಿತೋ.

ಡೈನಮೋ ವಿಷಯವೂ ಬಂತು. 1960ರ ದಶಕದ ನಡುವಿನವರೆಗೆ ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ನಿಜವಾದ ಡೈನಮೋನೇ ಇತ್ತು. ಎಂಜಿನ್ ನಿಧಾನ ತಿರುಗಿದರೆ ಅದು ಕರೆಂಟ್ ಕೊಡುವುದು ಕಡಿಮೆ. ಅಲ್ಟರ್ನೇಟರ್ ನಿಧಾನದಲ್ಲೂ ಕೊಡುತ್ತದೆ, ತೂಕವೂ ಕಮ್ಮಿ. ಆದರೆ ದೊಡ್ಡದು ಸಿಕ್ಕಿತೆಂದು ಕೂರಿಸುವಂತಿಲ್ಲ. ರೇಡಿಯೋ, ಲೈಟು, ಒಂದೊಂದರ ಆಂಪಿಯರ್ ಬರೆದು ಕೂಡಿಸಬೇಕು. ವೈರು, ಬ್ರೇಕರ್, ರೆಗ್ಯುಲೇಟರ್ ಅದಕ್ಕೆ ತಕ್ಕಂತೆ ಇರಬೇಕು. ಒಪ್ಪಿಗೆ ಪಡೆದ ಭಾಗವನ್ನೇ ಹಾಕಬೇಕು, ಡಿಜಿಸಿಎ ಲೈಸೆನ್ಸ್ ಇರುವ ಎಂಜಿನಿಯರ್ ಸಹಿ ಮಾಡಬೇಕು.

ಹಾರುವಾಗ ಅದು ಕೆಟ್ಟರೆ? ನಾವು ಕೇಳಿದೆವು. ಲೈಕಮಿಂಗ್‌ನಂಥ ಎಂಜಿನ್ ನಿಲ್ಲುವುದಿಲ್ಲವಂತೆ. ಕಿಡಿ ಕೊಡಲು ಎರಡು ಮ್ಯಾಗ್ನೆಟೋ ಬೇರೆ ಇರುತ್ತವೆ, ಅವಕ್ಕೆ ಬ್ಯಾಟರಿ ಬೇಡ. ಬೆಂಗಳೂರಿನ ಎನ್‌ಎಎಲ್ ಮಾಡಿದ, 2021ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿದ ಹಂಸ-ಎನ್‌ಜಿ ವಿಮಾನದ್ದು ಬೇರೆ ಲೆಕ್ಕ. ಅದರ ರೋಟ್ಯಾಕ್ಸ್ 912 ಐಎಸ್ ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸಲೂ ಕರೆಂಟ್ ಬೇಕು. ಅದಕ್ಕೇ ಒಳಗೆ ಎರಡು ಜನರೇಟರ್ ಇಟ್ಟಿದ್ದಾರೆ.

"ಕರೆಂಟ್ ಹೋದ್ರ ಸೆಸ್ನಾ ಇಳಿಸಬಹುದು ಮಾಮಾ. ಎಣ್ಣಿ ಹೋದ್ರ ಎಂಜಿನ್ನ ನಿಲ್ತದ." ನಮ್ಮ ಡೀಸೆಲ್ ಟ್ರ್ಯಾಕ್ಟರೂ ಹಾಗೇ ಅಲ್ಲವೇ? ಬ್ಯಾಟರಿ ಇಲ್ಲದಿದ್ದರೆ ತಳ್ಳಿ ಸ್ಟಾರ್ಟ್ ಮಾಡುತ್ತೇವೆ. ನಾವು ರೊಕ್ಕ ಹಾಕಿದ್ದು ಇಲ್ಲದಿದ್ದರೂ ನಡೆಯುವುದಕ್ಕೆ. ಮರೆತದ್ದು ಇಲ್ಲದಿದ್ದರೆ ನಡೆಯದ್ದನ್ನು.

ಈಗ ಟೂಲ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇದೆ. ಗಂಟೆ ಮೀಟರ್ ನೋಡಿ ಬರೆಯುತ್ತೇವೆ. ನಮ್ಮ ಟ್ರ್ಯಾಕ್ಟರಿನ ಪುಸ್ತಕ ಹೇಳುವುದು 250 ಗಂಟೆಗೊಮ್ಮೆ ಎಣ್ಣೆ, ಫಿಲ್ಟರ್. ನಿಮ್ಮದರಲ್ಲಿ ಎಷ್ಟಿದೆ, ಸೀಜನ್ ಶುರುವಾಗುವ ಮೊದಲು ನೋಡಿರಿ. ತೆಗೆದ ಫಿಲ್ಟರ್ ಎಸೆಯಬೇಡಿ, ಕೊಯ್ದು ನೋಡಿರಿ. ಬೇಕಾದದ್ದು ಒಂದು ಬಿಳಿ ಬಟ್ಟೆ, ಒಂದು ಅಯಸ್ಕಾಂತ. ಹೊಳೆಯುವ ಚೂರು ಕಂಡರೆ ಲೋಡು ಎಳೆಯುವ ಮೊದಲು ಮೇಸ್ತ್ರಿಗೆ ತೋರಿಸಿರಿ.

ಅಣ್ಣ ಸೌಂಡ್ ಬಾಕ್ಸ್ ತೆಗೆದಿಲ್ಲ. ಫಿಲ್ಟರ್ ತರುವ ಕೆಲಸ ಈಗಲೂ ನಮ್ಮದೇ. ಕೊಯ್ಯುವುದು ಮಾತ್ರ ಅಪ್ಪ. ಮೊನ್ನೆ ಬಟ್ಟೆ ಹರವಿ, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಈ ಸಲ ಚೊಕ್ಕ ಐತಿ," ಎಂದರು. ಜನವರಿಯ ಆ ರಾತ್ರಿಯ ನಂತರ ಟ್ರ್ಯಾಕ್ಟರ್ ಬಗ್ಗೆ ಅವರು ನಮ್ಮೊಂದಿಗೆ ಆಡಿದ ಮೊದಲ ಮಾತು ಅದು.