ಹೊಳೆಯಂಚಿನ ದಿಮ್ಮಿ

ಬೆಂಗಳೂರಿನ ಅಂಚಿನ ಎಲೆಕ್ಟ್ರಾನಿಕ್ ಸಿಟಿಯ ಬಳಿ ಮಗನ ಮನೆಯಲ್ಲಿ ನಾವು ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವೆವು. ಇಲ್ಲಿಯ ಮಕ್ಕಳಿಗೆ ನೀರೆಂದರೆ ನಲ್ಲಿ. ನಲ್ಲಿ ಬತ್ತಿದರೆ ಟ್ಯಾಂಕರು. ಹರಿಯುವ ನೀರನ್ನು ಕಾಣಬೇಕಾದರೆ ರಜೆಯೇ ಬರಬೇಕು. ಆದಕಾರಣ ಬೇಸಗೆ ಬಂದೊಡನೆಯೆ ನಮ್ಮ ಬಡಾವಣೆಯಿಂದಲೂ, ವೈಟ್‌ಫೀಲ್ಡು ಪೀಣ್ಯಗಳಿಂದಲೂ ಸಂಸಾರಗಳು ಕಾರುಗಳನ್ನೇರಿ ಕಾವೇರಿಯ ತಡಿಗೋ, ದಾಂಡೇಲಿಯ ಕಾಳೀನದಿಗೋ ಹೊರಡುವುದು ವಾಡಿಕೆಯಾಗಿದೆ. ಇದು ತಪ್ಪೆಂದು ನಾವು ಹೇಳುವವರಲ್ಲ. ಆದರೆ ಆ ನೀರಿಗೆ ನಮಗಿಂತ ಮೊದಲಿನ ಒಕ್ಕಲು ಉಂಟೆಂಬುದನ್ನು ಮರೆತು ನಾವೇ ಒಮ್ಮೆ ನಡೆದುಕೊಂಡ ಬಗೆಯನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಎರಡು ವರ್ಷಗಳ ಹಿಂದಿನ ಮಾತು. ಶ್ರೀರಂಗಪಟ್ಟಣದ ಸಮೀಪದಲ್ಲಿ, ಹೊಳೆಗೆ ತಾಗಿದಂತಿರುವ ಒಂದು ವಿಹಾರಗೃಹದಲ್ಲಿ ಇಳಿದುಕೊಂಡಿದ್ದೆವು. ಬೆಳಿಗ್ಗೆ ರಂಗನತಿಟ್ಟಿಗೆ ಹೋಗಿ ದೋಣಿಯಲ್ಲಿ ಕುಳಿತು ಹಕ್ಕಿಗಳನ್ನು ನೋಡಿದೆವು. 1940ರಲ್ಲಿ, ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ಪಕ್ಷಿಧಾಮವೆಂದು ಘೋಷಿಸಲ್ಪಟ್ಟ ಸ್ಥಳವದು. ಅಲ್ಲಿ ಬಂಡೆಯ ಮೇಲೆ ಬಾಯ್ದೆರೆದು ಬಿಸಿಲು ಕಾಯುತ್ತಿದ್ದ ಮೊಸಳೆಯನ್ನು ಕಂಡು ಆರು ವರ್ಷದ ಮೊಮ್ಮಗನು ಚಪ್ಪಾಳೆ ತಟ್ಟಿದನು. ನಾವೂ ನಕ್ಕೆವು.

ಮಧ್ಯಾಹ್ನ ವಿಹಾರಗೃಹದ ಹಿಂದೆ, ಮತ್ತಿಮರದ ನೆರಳಿನಲ್ಲಿ, ಮನೆಯವರು ಪುಳಿಯೋಗರೆಯ ಬುತ್ತಿಯನ್ನು ಬಿಚ್ಚಿದರು. ಉಂಡ ಮೇಲೆ, "ಹೋಗಪ್ಪ, ಹೊಳೆಯಲ್ಲಿ ಕೈ ತೊಳೆದುಕೊಂಡು ಬಾ" ಎಂದು ಹುಡುಗನಿಗೆ ಹೇಳಿದವರು ನಾವೇ. "ನೀರಿಗಿಳಿಯಬಾರದು" ಎಂಬ ಹಲಗೆ ಅಲ್ಲಿತ್ತು. ಹುಡುಗನು ಇಳಿಯಲಿಲ್ಲ, ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಕೈ ಚಾಚಿದನು. ನಾಲ್ಕು ಮಾರು ದೂರದಲ್ಲಿ ಕರಿಯ ದಿಮ್ಮಿಯೊಂದು ತೇಲುತ್ತಿದ್ದುದನ್ನು ನಾವು ನೋಡಿಯೂ ನೋಡಲಿಲ್ಲ. ಅಷ್ಟರಲ್ಲಿ ಹರಿಗೋಲಿನವನೊಬ್ಬನು ದೂರದಿಂದ, "ಸ್ವಾಮಿ, ಮಗೀನ ಈಚೆಗೆ ಎಳ್ಕಳಿ! ಅದು ಮರ ಅಲ್ಲ!" ಎಂದು ಕೂಗಿದನು. ಓಡಿಹೋಗಿ ಹುಡುಗನ ರಟ್ಟೆ ಹಿಡಿದು ಸೆಳೆದೆವು. ದಿಮ್ಮಿಯು ಸದ್ದಿಲ್ಲದೆ, ಒಂದು ಅಲೆಯನ್ನೂ ಎಬ್ಬಿಸದೆ ಮುಳುಗಿತು. ಆ ಮೇಲೆ ಬಹಳ ಹೊತ್ತು ನಮ್ಮ ಕಾಲು ನಿಲ್ಲಲಿಲ್ಲ.

ಬೆಳಿಗ್ಗೆ ದೋಣಿಯಿಂದ ಕಂಡ ಪ್ರಾಣಿಗೂ ಮಧ್ಯಾಹ್ನ ನಾವು ಕೈ ತೊಳೆಯಹೊರಟ ನೀರಿಗೂ ನಡುವೆ ಗೋಡೆಯಿಲ್ಲವೆಂಬುದು ನಮಗೆ ಹೊಳೆಯಲಿಲ್ಲ. ಒಂದು ಕಡೆ ಅದು ನೋಟದ ವಸ್ತು; ಇನ್ನೊಂದು ಕಡೆ ಹೊಳೆ ನಮ್ಮದು! ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಾಲೆಯಲ್ಲಿ ಗಜೇಂದ್ರಮೋಕ್ಷದ ಕಥೆಯನ್ನು ಹೇಳಿದವರು ನಾವು. ಆ ಗಜೇಂದ್ರನಾದರೂ ಏತಕ್ಕಾಗಿ ಸರೋವರಕ್ಕೆ ಬಂದನು? ಬಿಸಿಲಿನ ಬೇಗೆ ತಾಳಲಾರದೆ, ಹೆಣ್ಣಾನೆಗಳನ್ನೂ ಮರಿಗಳನ್ನೂ ಕರೆದುಕೊಂಡು, ಗೃಹಸ್ಥನಂತೆ ಅವಕ್ಕೆ ನೀರುಣಿಸುತ್ತ ಮೈಮರೆತಿದ್ದಾಗಲೇ ಗ್ರಾಹವು ಕಾಲನ್ನು ಹಿಡಿಯಿತು. ಭಾಗವತದ ಈ ಭಾಗವನ್ನು ನಾವು ಮೋಕ್ಷಕ್ಕಾಗಿ ಓದಿದೆವೇ ಹೊರತು ಎಚ್ಚರಕ್ಕಾಗಿ ಓದಲಿಲ್ಲ.

2016ನೆಯ ಜೂನ್ ತಿಂಗಳಿನಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಆರ್ಲ್ಯಾಂಡೊ ಬಳಿ, ಡಿಸ್ನಿಯವರ ವಿಹಾರಗೃಹದ ಕೊಳದ ಮರಳದಂಡೆಯಲ್ಲಿ, ಎರಡು ವರ್ಷದ ಕೂಸೊಂದನ್ನು ಆಲಿಗೇಟರ್ ಎಳೆದೊಯ್ದಿತು. ತಂದೆಯು ಬರಿಗೈಯಿಂದ ಹೋರಾಡಿಯೂ ಬಿಡಿಸಲಾರದೆ ಹೋದನು. ಅಲ್ಲಿಯೂ ಈಜಬಾರದೆಂಬ ಹಲಗೆ ಇತ್ತು. ಪ್ರಾಣಿಯ ಹೆಸರು ಇರಲಿಲ್ಲ. ಬೇಲಿಯೂ ಹೆಸರು ಹೇಳುವ ಹಲಗೆಗಳೂ ಕೂಸು ಹೋದ ತರುವಾಯ ಬಂದುವು.

ಆಲಿಗೇಟರ್ ನಮ್ಮ ದೇಶದ್ದಲ್ಲ. ಕಾವೇರಿ, ಕಾಳಿ, ಕೃಷ್ಣಾ, ತುಂಗಭದ್ರೆಗಳಲ್ಲಿರುವುದು ಮಗ್ಗರ್ ಎಂಬ ಸಿಹಿನೀರಿನ ಮೊಸಳೆ. ಕಣ್ಣು, ಕಿವಿ, ಮೂಗಿನ ಹೊಳ್ಳೆಗಳು ತಲೆಯ ಮೇಲ್ಭಾಗದಲ್ಲಿರುವುದರಿಂದ ಮೈಯನ್ನೆಲ್ಲ ಮುಳುಗಿಸಿಕೊಂಡೇ ಅದು ದಡವನ್ನು ನೋಡಬಲ್ಲುದು, ಕೇಳಬಲ್ಲುದು, ಉಸಿರಾಡಬಲ್ಲುದು. ಬೆನ್ನಟ್ಟಿ ಬೇಟೆಯಾಡುವುದಕ್ಕಿಂತ ನೀರಿನಂಚಿನಲ್ಲಿ ಕಾದಿದ್ದು ಹಿಡಿಯುವುದೇ ಅದರ ಕ್ರಮ. ಆದುದರಿಂದ ನಡುಹೊಳೆಯಷ್ಟೇ ಅಂಚಿಗೂ ಅಂಜಬೇಕು; ಮೊಣಕಾಲುದ್ದದ ತಿಳಿನೀರೆಂಬ ಧೈರ್ಯ ಸಲ್ಲದು. ಬೇಸಗೆಯಲ್ಲಿ ಹೊಳೆ ತಗ್ಗಿ ಮೊಸಳೆಗಳು ಉಳಿದ ಮಡುಗಳಲ್ಲಿ ಒಟ್ಟುಗೂಡುವುವು. ದಡದ ಮರಳಿನಲ್ಲಿ ಮೊಟ್ಟೆಯಿಟ್ಟು ತಾಯಿಮೊಸಳೆ ಕಾವಲಿರುವ ಕಾಲವೂ ಅದೇ. ನಮ್ಮ ರಜೆಯೂ ಅದೇ ದಿನಗಳಲ್ಲಿ ಬೀಳುವುದು.

ಹಾಗೆಂದು ಅದನ್ನು ದ್ವೇಷಿಸುವುದು ನ್ಯಾಯವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಅದನ್ನು ಕೊಲ್ಲುವುದನ್ನು ನಿಷೇಧಿಸಿದೆ. ತೊಗಲಿಗಾಗಿ ನಡೆದ ಬೇಟೆಯಿಂದ ಕುಲವೇ ನಶಿಸುವಂತಿರಲು, 1975ರಲ್ಲಿ ಭಾರತ ಸರ್ಕಾರವು ಮೊಸಳೆಗಳ ರಕ್ಷಣೆಯ ಯೋಜನೆಯನ್ನು ಕೈಕೊಂಡಿತು. ಅದು ತನ್ನ ಮನೆಯಲ್ಲಿದೆ, ಅತಿಥಿಗಳು ನಾವು. ಅತಿಥಿಯಾದವನು ಮನೆಯ ರೀತಿಯನ್ನರಿತು ನಡೆಯಬೇಕು.

ಹೊಳೆಯ ದಡಕ್ಕೆ ಹೋಗುವ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ. ಮೊದಲು ಅಂಬಿಗರನ್ನೂ ಬೆಸ್ತರನ್ನೂ ಕೇಳಿರಿ. ಅವರು ಬೇಡವೆಂದ ಕಡೆಗೆ ಹೋಗಬೇಡಿರಿ. ಕೈಕಾಲು ಪಾತ್ರೆಗಳನ್ನು ತೊಳೆಯಲು ನೀರನ್ನು ನಲ್ಲಿಯಿಂದಲೇ ಹಿಡಿಯಿರಿ. ಮಾಂಸ ಮೀನುಗಳ ಉಳಿಕೆಯನ್ನು ಹೊಳೆಗೆ ಎಸೆಯಬೇಡಿರಿ. ಅದು ಮೊಸಳೆಗೆ ಕೊಟ್ಟ ಆಮಂತ್ರಣ. ಮುಚ್ಚಂಜೆಯಲ್ಲಿಯೂ ರಾತ್ರಿಯಲ್ಲಿಯೂ ಮಕ್ಕಳನ್ನು ದಡಕ್ಕೆ ಬಿಡಬೇಡಿರಿ. ಹಗಲಿನಲ್ಲಿಯೂ ಕೈ ಬಿಡಬೇಡಿರಿ. ವಿಹಾರಗೃಹದವರಾದರೋ, ಹಲಗೆಯ ಮೇಲೆ "ಇಲ್ಲಿ ಮೊಸಳೆಯಿದೆ" ಎಂದು ಚಿತ್ರಸಮೇತವಾಗಿ ಬರೆಯಿಸಲಿ. ಕಾರಣ ಹೇಳದ ನಿಷೇಧವನ್ನು ಮಕ್ಕಳು ಮಾತ್ರವಲ್ಲ, ಮೇಷ್ಟರೂ ಮೀರುವರು.

ಆ ಹರಿಗೋಲಿನವನಿಗೆ ಸಂಜೆ ಸ್ವಲ್ಪ ಹಣ ಕೊಡಹೋದೆವು. ಅವನು ತೆಗೆದುಕೊಳ್ಳಲಿಲ್ಲ. "ಹೊಳೆ ತಾವು ಕಣ್ಣಿಟ್ಕೊಂಡಿರಿ ಸ್ವಾಮಿ, ಅಷ್ಟೇ ಸಾಕು" ಎಂದನು. ನಾವು ಕಲಿಸಿದ ಪಾಠಗಳಿಗಿಂತ ಈ ಪಾಠವು ಚಿಕ್ಕದು. ಮೊಮ್ಮಗನು ಈಗಲೂ ಗಜೇಂದ್ರನ ಕಥೆಯನ್ನು ಕೇಳುವುದುಂಟು. ಹೇಳುವಾಗ ಸರೋವರದ ವರ್ಣನೆ ಮುಗಿದೊಡನೆ ನಾವು ನಿಲ್ಲಿಸಿ, "ನೀರಿಗೆ ಮುನ್ನ ಏನು ಮಾಡಬೇಕು?" ಎಂದು ಕೇಳುವೆವು. "ದೊಡ್ಡವರನ್ನ ಕೇಳಬೇಕು, ತಾತ" ಎನ್ನುವನು. ಸ್ವಲ್ಪ ಯೋಚಿಸಿ, "ನಿನ್ನನ್ನಲ್ಲ, ದೋಣಿಯವರನ್ನ" ಎಂದು ಸೇರಿಸುವನು.