ಕಾಣದ ಸರಕಿನ ವ್ಯಾಪಾರ

ಪರರ ಸರಕನ್ನು ಮಾರಿಕೊಟ್ಟು ಜೀವಿಸುವುದು ಹೊಸ ವೃತ್ತಿಯೇನೂ ಅಲ್ಲ. ಇಂತಹ ಮಾರಾಟಗಾರರು ಒಡೆಯನಿಗೆ ಒಪ್ಪಿಸತಕ್ಕ ಬೆಲೆಯನ್ನೂ ಲಾಭವನ್ನೂ ಕುರಿತು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ವಿಧಿಗಳಿವೆ. ತುಮಕೂರಿನ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಗೆ ಹೋದವರಿಗೆ ಈ ಪದ್ಧತಿಯು ಇಂದಿಗೂ ಕಾಣಬರುತ್ತದೆ. ಮಂಡಿಯವನು ಟೊಮೇಟೊ ಬೆಳೆದವನಲ್ಲ; ರೈತನ ಪರವಾಗಿ ಮಾರಿಕೊಡತಕ್ಕವನು. ಆದರೆ ಸರಕು ಎದುರಿಗಿದೆ. ಕೊಳ್ಳುವವನು ಪೆಟ್ಟಿಗೆಯ ಅಡಿಯವರೆಗೆ ಕೈಹಾಕಿ ನೋಡಿ, ಒಪ್ಪಿಗೆಯಾದರೆ ಹಣ ಕೊಡುತ್ತಾನೆ. ಇಲ್ಲವಾದರೆ ಮುಂದಿನ ಮಂಡಿಗೆ ನಡೆಯುತ್ತಾನೆ.

ಅದೇ ಅಂತರಸನಹಳ್ಳಿಯ ಮನೆಗಳಲ್ಲಿ ಈಗ ಕೈಯೊಳಗಿನ ಫೋನಿನಿಂದಲೇ ಮತ್ತೊಂದು ಬಗೆಯ ವ್ಯಾಪಾರವು ನಡೆಯುತ್ತಿದೆ. ಇದಕ್ಕೆ ಡ್ರಾಪ್‌ಶಿಪ್ಪಿಂಗ್ ಎಂದು ಹೆಸರು. ಮಾರುವವರ ಬಳಿ ಸರಕಿಲ್ಲ, ಚಿತ್ರವಿದೆ. ಚಿತ್ರವನ್ನು ವಾಟ್ಸಾಪಿನಲ್ಲಿ ಬಂಧುಮಿತ್ರರಿಗೆ ತೋರಿಸಿ ಹಣ ಪಡೆದ ತರುವಾಯ, ದೂರದ ಸರಬರಾಜುದಾರನಿಗೆ ತಿಳಿಸಿದರೆ, ಅವನು ನೆಟ್ಟಗೆ ಕೊಂಡವರ ಮನೆಗೇ ಕಳುಹಿಸುತ್ತಾನೆ. ಮನೆಯಲ್ಲಿದ್ದುಕೊಂಡೇ ಮರುಮಾರಾಟ ಮಾಡುವ ಇಂತಹ ಸ್ತ್ರೀಯರಿಗಾಗಿ ಬೆಂಗಳೂರಿನಲ್ಲಿ 2015ರಲ್ಲಿ ಮೀಶೋ, 2017ರಲ್ಲಿ ಗ್ಲೋರೋಡ್ ಎಂಬ ಸಂಸ್ಥೆಗಳು ಹುಟ್ಟಿದವು. ಎರಡನೆಯದನ್ನು 2022ರಲ್ಲಿ ಅಮೆಜಾನ್ ಕೊಂಡಿತು. ಇವುಗಳ ಹೊರಗೆ, ಬರಿಯ ಫೋನಿನ ಪರಿಚಯದಿಂದ ಸರಕು ಕಳುಹಿಸುವವರೂ ಉಂಟು. ಬಂಡವಾಳವಿಲ್ಲದವರಿಗೂ ಇದರಿಂದ ನಾಲ್ಕು ಕಾಸು ದೊರೆಯುವುದೆಂಬುದು ಸುಳ್ಳಲ್ಲ. ಆದರೆ ಅಪಾಯವು ಎಲ್ಲಿ ಅಡಗಿದೆಯೆಂಬುದನ್ನು ವಿಚಾರಿಸತಕ್ಕದ್ದು.

ಅಲ್ಲಿನ ಗೃಹಿಣಿಯೊಬ್ಬಳು ವರಮಹಾಲಕ್ಷ್ಮಿಯ ಹಬ್ಬಕ್ಕೆ ಮುಂಚೆ ನೆರೆಹೊರೆಯವರಿಗೆ ಹತ್ತು ರೇಷ್ಮೆ ಮಿಶ್ರಿತ ಸೀರೆಗಳನ್ನು ಮಾರಿದಳು. ಸರಬರಾಜುದಾರನಿಗೆ ಒಂದಕ್ಕೆ 600 ರೂಪಾಯಿ. ತಾನು ಪಡೆದದ್ದು 750. ಹತ್ತಕ್ಕೆ 1,500 ರೂಪಾಯಿ ಲಾಭವೆಂದು ಎಣಿಸಿ, ಮಗನ ಶಾಲೆಯ ಶುಲ್ಕಕ್ಕೆಂದು ಮನಸ್ಸಿನಲ್ಲಿಯೇ ಎತ್ತಿಟ್ಟಿದ್ದಳು. ಹಬ್ಬದ ದಿನ ಪೊಟ್ಟಣ ಬಿಚ್ಚಿದ ಇಬ್ಬರಿಗೆ ಬಣ್ಣವೂ ಬೇರೆ, ನೂಲೂ ಬೇರೆ ಕಂಡಿತು. ಅವರಲ್ಲಿ ಒಬ್ಬರ ಮನೆಯ ಹಿರಿಯಾಕೆ ಸೆರಗಿನ ಎಳೆಯೊಂದನ್ನು ಕಿತ್ತು ದೀಪಕ್ಕೆ ಹಿಡಿದಳು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯು ಬೆರಳಿಗೆ ಪುಡಿಯಾಗಬೇಕು. ಇದು ಕರಗಿ ಗಟ್ಟಿಯಾದ ಮಣಿಯಾಯಿತು. ಸರಬರಾಜುದಾರನನ್ನು ಕೇಳಿದರೆ, ಹಿಂದಿರುಗಿಸುವ ಏಳು ದಿನದ ಅವಧಿಯು ಮೀರಿತೆಂದು ಉತ್ತರ ಬಂದಿತು. ಮರುದಿನದಿಂದ ಉತ್ತರವೂ ಇಲ್ಲ. ಹಬ್ಬಕ್ಕೆಂದು ಮಡಿಸಿಟ್ಟ ಸೀರೆಯನ್ನು ಯಾರು ತಾನೆ ಮೊದಲೇ ಬಿಚ್ಚಿಯಾರು?

“ಅಕ್ಕಾ, ಆ ಅಂಗಡಿಯವನನ್ನು ನಾನು ಕಂಡವಳಲ್ಲ, ನಿಮ್ಮ ಮುಖ ನೋಡಿ ದುಡ್ಡು ಕೊಟ್ಟೆ” ಎಂದಳು ನೆರೆಯವಳು. ಇದಕ್ಕೆ ಪ್ರತ್ಯುತ್ತರವೇನಿದೆ? ಗೃಹಿಣಿಯು ಇಬ್ಬರಿಗೂ 1,500 ರೂಪಾಯಿಗಳನ್ನು ಹಿಂದಿರುಗಿಸಿದಳು. ಹತ್ತರಲ್ಲಿ ಎರಡು ಕೆಟ್ಟುದರಿಂದಲೇ ಎಲ್ಲ ಲಾಭವೂ ಹೋಯಿತು. ಇದಕ್ಕಿಂತ ದೊಡ್ಡ ನಷ್ಟವೆಂದರೆ, ಉಳಿದ ಎಂಟು ಮನೆಯವರೂ ತಮ್ಮ ಸೀರೆಯ ಎಳೆಯನ್ನು ಸಂಶಯದಿಂದ ನೋಡತೊಡಗಿದುದು.

ಇಲ್ಲಿ ಸ್ಮೃತಿಕಾರರ ದೂರದೃಷ್ಟಿಯು ನೆನಪಾಗುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಮಾರಲಾಗದ ವಸ್ತುಗಳನ್ನು ಹೇಳುವಾಗ, ಕಲಬೆರಕೆಯಾದುದರ ಜೊತೆಗೆ, ಎದುರಿಗಿಲ್ಲದ, ಮರೆಯಾದ ಸರಕನ್ನೂ ಸೇರಿಸಿದೆ. ಕೊಂಡು ಅಥವಾ ಮಾರಿ ಪಶ್ಚಾತ್ತಾಪಪಟ್ಟವರಿಗೆ ಹತ್ತು ದಿನಗಳ ಅವಕಾಶವನ್ನೂ ಕೊಟ್ಟಿದೆ.

ಈಗಿನ ಕಾನೂನು ಕೊಳ್ಳುವವರ ಪಕ್ಷವನ್ನು ಚೆನ್ನಾಗಿಯೇ ವಹಿಸಿದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ, ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವವನು ದೋಷವುಳ್ಳ ಅಥವಾ ವರ್ಣನೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲಾರೆನೆನ್ನಕೂಡದು. ಗ್ರಾಹಕರು 1915 ಎಂಬ ಸಹಾಯವಾಣಿಗೂ ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರಬಹುದು. ಆದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಮರುಮಾರಾಟಕ್ಕಾಗಿ ಕೊಂಡವರನ್ನು ಗ್ರಾಹಕರೆಂದು ಎಣಿಸುವುದಿಲ್ಲ. ಅಂದರೆ ನೆರೆಯವಳು ಗೃಹಿಣಿಯ ಮೇಲೆ ದೂರು ಕೊಡಬಹುದು. ಗೃಹಿಣಿಯು ಸರಬರಾಜುದಾರನ ಮೇಲೆ ಅದೇ ಬಾಗಿಲನ್ನು ತಟ್ಟಲಾರಳು. 1930ರ ಸರಕು ಮಾರಾಟ ಅಧಿನಿಯಮವನ್ನು ಹಿಡಿದು ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಮಾರ್ಗವುಂಟು. ಆದರೆ 1,200 ರೂಪಾಯಿಗಾಗಿ ಯಾರು ಕೋರ್ಟಿನ ಮೆಟ್ಟಿಲು ಹತ್ತುವರು? ಕೊಳ್ಳುವವರಿಗೆ ರಕ್ಷೆಯಿದೆ, ಕಳುಹಿಸುವವನಿಗೆ ದೂರವೇ ರಕ್ಷೆ. ನಡುವೆ ನಿಂತವಳಿಗೆ ಎರಡೂ ಇಲ್ಲ.

ಹಾಗೆಂದು ಈ ವೃತ್ತಿಯನ್ನೇ ತೊರೆಯಬೇಕೆಂಬುದು ತಾತ್ಪರ್ಯವಲ್ಲ. ಯಾವ ಸರಕನ್ನಾಗಲಿ ಇತರರಿಗೆ ಹೇಳುವ ಮೊದಲು ಒಂದನ್ನು ತನ್ನ ಮನೆಗೇ ತರಿಸಿ ನೋಡಬೇಕು; ಅದರ ಚಿತ್ರವನ್ನೇ ತೆಗೆದು ತೋರಿಸಬೇಕು. ಹಿಂದಿರುಗಿಸುವ ಅವಧಿಯನ್ನು ಕೊಳ್ಳುವವರಿಗೆ ಮುಂಚಿತವಾಗಿ ತಿಳಿಸಿ, ಪೊಟ್ಟಣವನ್ನು ಬಂದ ದಿನವೇ ಬಿಚ್ಚಿಸಬೇಕು. ಶುದ್ಧ ರೇಷ್ಮೆಯೆಂದು ಹೇಳುವುದಾದರೆ 2004ರಲ್ಲಿ ಪ್ರಾರಂಭವಾದ ಸಿಲ್ಕ್ ಮಾರ್ಕ್ ಚೀಟಿಯನ್ನು ಕೇಳಬೇಕು. ಲಾಭದಲ್ಲಿ ಒಂದು ಪಾಲನ್ನು ಹಿಂದಿರುಗುವ ಸರಕಿಗಾಗಿ ಮೀಸಲಿಡಬೇಕು. ಸಾಧ್ಯವಾದಷ್ಟು ಹತ್ತಿರದ ಸರಕನ್ನೇ ಆರಿಸುವುದು ಮತ್ತೂ ಲೇಸು: ತಿಪಟೂರಿನ ಕೊಬ್ಬರಿಯನ್ನು ಮುರಿದು ನೋಡಿ ಕೊಳ್ಳಬಹುದು, ಕೆಟ್ಟಿದ್ದರೆ ಮರುದಿನವೇ ಹೋಗಿ ಕೇಳಬಹುದು.

ಆ ಗೃಹಿಣಿಯು ವ್ಯಾಪಾರವನ್ನು ಬಿಟ್ಟಿಲ್ಲ. ಆದರೆ ಈಗ ತಿಂಗಳಿಗೆ ನಾಲ್ಕಾರು ಸೀರೆಗಳನ್ನು ಮಾತ್ರ ತನ್ನ ಮನೆಗೆ ತರಿಸಿ, ಮಡಿಕೆ ಬಿಚ್ಚಿ, ಹಗಲು ಬೆಳಕಿನಲ್ಲಿ ಹರಡಿ ನೋಡಿದ ಮೇಲೆಯೇ ನೆರೆಯವರನ್ನು ಕರೆಯುತ್ತಾಳೆ. ಲಾಭವು ಮೊದಲಿಗಿಂತ ಕಡಿಮೆ. ಸೀರೆ ಹಿಂದಿರುಗಿಸಿದ ಇಬ್ಬರಲ್ಲಿ ಒಬ್ಬಳು ಮತ್ತೆ ಬಂದಿದ್ದಾಳೆ, ಇನ್ನೊಬ್ಬಳು ಬಂದಿಲ್ಲ.